ಹೊಸಬರನ್ನ ಕರ್ಕೊಂಡು ರವಿವಾರ ಗಾಲ್ಫಿಗೆ ಹೋಗೂದು: ನನ್ನ ಅನುಭವ

ಬೆಳಗಾವ್ಯಾಗ ಗಾಲ್ಫ್ ಮೈದಾನ ಅಂದ್ರ ಭಾಳ ಮಂದಿಗೆ ನೆನಪಾಗೂದು 2022ರ ಆಗಸ್ಟ್‌ನ್ಯಾಗ ಅಲ್ಲಿ ಹೊಕ್ಕಿದ್ದ ಚಿರತಿ, ಸಕ್ರೆಬೈಲಿನಿಂದ ಆನಿ ತರಿಸಿ ಹುಡುಕಿದ್ರು, ಸುತ್ತಲಿನ ಸಾಲಿಗೆಲ್ಲಾ ಸೂಟಿ ಕೊಟ್ಟಿದ್ರು. ಆಟದ ಸುದ್ದಿ ಮಾತ್ರ ಯಾರೂ ತೆಗಿಯಂಗಿಲ್ಲ, ಅದು ರೊಕ್ಕಸ್ಥರದು ಅಂತ ಬಿಟ್ಟಬಿಡ್ತಾರ. ನನಗ ಇದು ಎಲ್ಲಾರೂ ಆಡ್ಬೇಕಾದ ಆಟ ಅನಸ್ತೈತಿ, ಅದಕ್ಕ ಊರ ಹೊರಗಿನ ಕ್ಲಬ್ಬಿಗೆ ಹೊಸಬರನ್ನ ಹೆಂಗ ಕರ್ಕೊಂಡ್ ಹೋಗ್ತೀನಿ ಅಂತ ಬರೀಲಿಕತ್ತೀನಿ.

ಮೊದಲ ಫೋನ್ ಮಾಡಿ ಕೇಳ್ಕೊರಿ. ಗೆಸ್ಟ್ ಬಂದ್ರ ಗ್ರೀನ್ ಫೀ (ಆಡಾಕ ಕೊಡೂ ಶುಲ್ಕ) ಎಷ್ಟು, ಮೆಂಬರ್ ಜೊತಿಗೆ ಇರಬೇಕೇನು, ಕ್ಯಾಡಿ (ಚೀಲಾ ಹೊರಾವ್ರು) ಸಿಗ್ತಾರೇನು, ಬಾಡಿಗಿಗೆ ಕ್ಲಬ್ಬಿನ (ಬಾಲ್ ಹೊಡಿಯೂ ಕೋಲಿಗೂ ಕ್ಲಬ್ ಅಂತಾರ) ಸೆಟ್ ಐತೇನು. ಕಾಲರ್ ಇರೂ ಟೀ ಶರ್ಟ್ ಹಾಕ್ಕೊರಿ, ಜೀನ್ಸ್ ಬ್ಯಾಡ, ಭಾಳ ಕಡೆ ಒಳಗ ಬಿಡಂಗಿಲ್ಲ.

ಇನ್ನ ಮುಖ್ಯ ಮಾತು. ನಾಲ್ಕು ಮಂದಿ ಹೋದಾಗ ಎಲ್ಲಾರೂ ತಮ್ಮ ತಮ್ಮ ಬಾಲ್ ಆಡಿದ್ರ ಹೊಸಬ ಎರಡನೇ ಹೋಲಿಗೇ (ಹೋಲ್ ಅಂದ್ರ ಬಾಲ್ ಹಾಕೂ ಕುಳಿ, ಅಲ್ಲಿತನಕದ ಆಟಕ್ಕೂ ಅದ ಹೆಸರು) ಸುಸ್ತ ಆಗ್ತಾನ, ಬಾಲ್ ನಾಲ್ಕ ದಿಕ್ಕಿಗೆ, ಹಿಂದಿನ ತಂಡದವ್ರು ಸೊಂಟದ ಮ್ಯಾಲ ಕೈ ಇಟ್ಕೊಂಡು ನಿಂತಿರ್ತಾರ. ಅದಕ್ಕ ನಾವು ಸ್ಕ್ರ್ಯಾಂಬಲ್ ಆಡ್ತೀವಿ. ಟೀ (ಹೋಲ್ ಶುರು ಆಗೂ ಜಾಗಾ) ಮ್ಯಾಲಿಂದ ನಾಲ್ಕೂ ಮಂದಿ ಹೊಡಿಯೂದು, ಯಾರದು ಚಲೋ ಬಿದ್ದೈತಿ ಅಲ್ಲಿಗೇ ಉಳದವ್ರು ತಮ್ಮ ಬಾಲ್ ತಗೊಂಡ್ ಹೋಗಿ ಮತ್ತ ನಾಲ್ಕೂ ಮಂದಿ ಹೊಡಿಯೂದು, ಹಿಂಗ ಹೋಲ್ ಮುಗಿಯೂತನಕ, ಸ್ಕೋರ್ ಎಲ್ಲಾರಿಗೂ ಸೇರಿ ಒಂದ. ಒಂಬತ್ತ ಹೋಲಿನಾಗ ಪ್ರತಿಯೊಬ್ಬರ ಟೀ ಶಾಟ್ ಎರಡ ಸಲಾನರ ತಗೋಬೇಕು ಅಂತ ಕರಾರ ಹಾಕ್ಕೊರಿ, ಇಲ್ಲಂದ್ರ ಪಳಗಿದಾಂವ ಒಬ್ಬನ ಆಡಿದಂಗ ಆಗ್ತೈತಿ.

ಸರದಿ ಹೆಂಗ ಇಟ್ಟೀವಿ ಅನ್ನೂದೂ ಭಾಳ ಮಹತ್ವದ್ದು. ಟೀ ಮ್ಯಾಲ ನಂಬಿಕಿ ಇರಾಂವ ಮೊದಲ ಹೊಡೀಬೇಕು, ಒಂದು ಬಾಲ್ ಫೇರ್‌ವೇನ್ಯಾಗ (ಹುಲ್ಲ ಕತ್ತರಿಸಿದ ನಡುವಿನ ಹಾದಿ) ಕೂತ್ರ ಉಳದವ್ರು ಅಂಜಿಕಿ ಬಿಟ್ಟ ಹೊಡೀತಾರ. ಗ್ರೀನಿನ (ಹೋಲಿನ ಸುತ್ತಲಿನ ಸಣ್ಣ ಹುಲ್ಲಿನ ಜಾಗಾ) ಮ್ಯಾಲ ಉಲ್ಟಾ, ಚಲೋ ಪಟ್ ಮಾಡಾಂವ (ಬಾಲ್ ಮೆಲ್ಲಕ ಉರುಳಿಸಾಂವ) ಕಡೀಕ. ನಮ್ಮ ಹೆಂಡ್ತಿಯ ತಮ್ಮ ಇದ್ದಾನಲ್ಲ, ಅಂವ ಡ್ರೈವರ್ (ದೂರ ಹೊಡಿಯೂ ಉದ್ದನ ಕ್ಲಬ್) ಹಿಡದ್ರ ಬಾಲ್ ನೆಲ ಬಿಟ್ಟ ಏಳ್ತಿರಲಿಲ್ಲ, ಆದ್ರ ಗ್ರೀನಿನಾಗ ಮೂರೂ ಮಂದಿ ಬಾಲ್ ಉರುಳಿ ಎಡಕ್ಕ ಸರದದ್ದ ನೋಡ್ಕೋತ ಕುಕ್ಕರಗಾಲಿಲೆ ಕೂತಿದ್ದ, ಎದ್ದು ಬಲಕ್ಕ ಒಂದ ಗೇಣು ಹಿಡದು ಮೆಲ್ಲಕ ಮುಟ್ಟಿಸಿದ, ಬಾಲ್ ತಿರಗಿ ನೆಟ್ಟಗ ಹೋಲಿನಾಗ! ಹೋಲಿನ ಅಗಲ 108 ಮಿಲಿಮೀಟರ್ ಅಷ್ಟ ನೋಡ್ರಿ, ಆ ಸಪ್ಪಳಾ ಒಂದ ಸಲ ಕೇಳಿದಾಂವ ಮತ್ತ ಬಂದ ಬರ್ತಾನ.

ನಿಯಮದ ಪ್ರಕಾರ 14 ಕ್ಲಬ್ ಒಯ್ಯಬಹುದು. ಹೊಸಬರಿಗೆ ಹೈಬ್ರಿಡ್, 7 ಐರನ್, 9 ಐರನ್, ಸ್ಯಾಂಡ್ ವೆಜ್, ಪಟರ್ (ಗ್ರೀನಿನ ಮ್ಯಾಲ ಉರುಳಿಸೂ ಕ್ಲಬ್), ಈ ಐದ ಕ್ಲಬ್ ಸಾಕು. ನಮ್ಮ ಓಣಿಯ ರಿಟೈರ್ಡ್ ಫೌಜಿ ಕಾಕಾ ಜೊತಿಗೆ ಬರ್ತಾರ, ಅವರದು ಒಂದ ಪಾಠ: "ಜೋರ್ ಹೊಡಿಬ್ಯಾಡೋ ತಮ್ಮಾ, 7 ಐರನ್ ತೂಗಿಬಿಡು, ಬಾಲ್ ತಾನ ಏಳ್ತೈತಿ." ಐರನ್ನಿನ ಮುಖಾನ ಓರಿ ಇರತೈತಲ್ಲ, ಎಬ್ಬಿಸೂ ಕೆಲಸ ಅದರದು, ನಮ್ಮದಲ್ಲ.

ನಮ್ಮ ಕಡೆ ಮಳಿಗಾಲದಾಗ ಆಡೂದಂದ್ರ ಬ್ಯಾರೇನ. ಫೇರ್‌ವೇನ್ಯಾಗ ನೀರ ನಿಂತಿದ್ರ ದಂಡ ಇಲ್ದ ಬಾಲ್ ಎತ್ತಿ, ನೀರ ಇಲ್ದ ಹತ್ತರದ ಜಾಗಾದಿಂದ ಒಂದ ಕ್ಲಬ್ ಉದ್ದದಾಗ, ಹೋಲಿಗೆ ಹತ್ರ ಹೋಗದಂಗ, ಮೊಣಕಾಲ ಎತ್ತರದಿಂದ ಬಿಡಬಹುದು. ಕೆಂಪ ಮಣ್ಣಿನಾಗ ಹುಗದ್ರೂ ಪರಿಹಾರ ಐತಿ. ರಫಿನಾಗ (ಫೇರ್‌ವೇ ಬಾಜೂಕಿನ ಎತ್ತರ ಹುಲ್ಲು) ಬಾಲ್ ಹೋದ್ರ ಹುಡಕಾಕ ಮೂರ ನಿಮಿಷ ಅಷ್ಟ, 2019ಕ್ಕಿಂತ ಮೊದಲ ಐದ ಇತ್ತು. ಹುಲ್ಲ ಎತ್ತರ ಇದ್ರ ಕೈ ಹಾಕಬ್ಯಾಡ್ರಿ, ಕ್ಲಬ್ಬಿಲೆ ಸರಿಸಿ ನೋಡ್ರಿ, ಹಾವಿನ ಅಂಜಿಕಿ. ಕಿತ್ತ ಹುಲ್ಲಿನ ಹೆಂಟಿ ಮತ್ತ ಕೂಡಿಸಿ ತುಳೀರಿ, ಬಂಕರಿನಾಗ (ಉಸುಕಿನ ಕುಣಿ) ಹೆಜ್ಜಿ ಗುರುತ ರೇಕ್ ಎಳದು ಅಳಸ್ರಿ, ಇಷ್ಟ ಮಾಡಿದ್ರ ಕ್ಲಬ್ಬಿನವ್ರು ಹೊಸಬರನ್ನೂ ಗೌರವದಿಂದ ಕರೀತಾರ.

ಒಂಬತ್ತ ಹೋಲ್ ಎರಡ ತಾಸಿನಾಗ ಮುಗೀತೈತಿ. 18ರ ಆಸೆ ಮೊದಲನೇ ಸಲ ಬ್ಯಾಡ. ದೀಪಾವಳಿ ಸೂಟ್ಯಾಗ ಬಾಗಲಕೋಟಿಯಿಂದ ಅಣ್ಣನ ಮಕ್ಕಳು ಬರಾವ್ರ ಅದಾರ, ಅವರ ಕೈಯಾಗ ಪಟರ್ ಕೊಟ್ಟು ಪ್ರಾಕ್ಟೀಸ್ ಗ್ರೀನಿನಿಂದನ ಶುರು ಮಾಡಸ್ತೀನಿ.