ಅಪ್ಪನ ಮಳೆ ಡೈರಿಯಿಂದ ಸೆಕೆಯ ಲೆಕ್ಕ ತೆಗೆದದ್ದು: ನನ್ನ ಅನುಭವ

2024ರ ಏಪ್ರಿಲ್ ಕೊನೆಯ ವಾರ ನಮ್ಮ ಕಾಫಿ ತೋಟದ ಥರ್ಮಾಮೀಟರ್ ಪೆಟ್ಟಿಗೆಯಲ್ಲಿ 35 ಡಿಗ್ರಿ ತೋರಿಸಿತು. ಕೊಡಗಿನ ಸೋಮವಾರಪೇಟೆ ಕಡೆ, ಮೂರು ಸಾವಿರದ ಇನ್ನೂರು ಅಡಿ ಎತ್ತರದಲ್ಲಿ 35 ಅಂದರೆ ನಮಗೆ ಬಹಳ ಜಾಸ್ತಿ. ನಲವತ್ತು ವರ್ಷದಲ್ಲಿ ಇದೇ ಮೇಲಿನದು, ಭೂಮಿ ಕಾಯುತ್ತಿರುವುದಕ್ಕೆ ಇದೇ ಸಾಕ್ಷಿ ಅಂತ ಬೆಳೆಗಾರರ ಮೀಟಿಂಗಿನಲ್ಲಿ ಹೇಳಿದೆ. ಪಕ್ಕದ ತೋಟದ ಅಣ್ಣ ಲೋಟ ಕೆಳಗಿಟ್ಟು, "ಅಲ್ಲ ಮಾರಾಯ, ನಿನ್ನ ಒಂದು ಥರ್ಮಾಮೀಟರ್ ನೋಡಿ ಇಡೀ ಭೂಮಿ ಕಾಯ್ತಾ ಇದೆ ಅಂತ ಹೇಗೆ ಹೇಳ್ತೀಯ? ಎಂಬತ್ತಮೂರರಲ್ಲಿ ಬಾವಿ ಬತ್ತಿದ್ದು ಮರೆತೆಯಾ?" ಅಂದರು. ಉಳಿದವರೂ ಹೌದು ಹೌದು ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವರು ಹೇಳಿದ್ದು ಸರಿಯೇ. ಒಂದು ದಿನದ ದಾಖಲೆ ಸೆಕೆ ಏನನ್ನೂ ಹೇಳುವುದಿಲ್ಲ. ಆದರೆ ದಾಖಲೆಗಳನ್ನು ಎಣಿಸಿದರೆ ಹೇಳುತ್ತವೆ. ಇದನ್ನು ತೋರಿಸಲು ನನಗೆ ಒಂದೂವರೆ ವರ್ಷವೂ ಸುಮಾರು ಅರವತ್ತು ಸಾವಿರ ರೂಪಾಯಿಯೂ ಹಿಡಿಯಿತು. ಈಗ ಅದೇ ಅಣ್ಣ ತಮ್ಮ ತೋಟದಲ್ಲೂ ಒಂದು ಪೆಟ್ಟಿಗೆ ನಿಲ್ಲಿಸಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮಲ್ಲಿ ಮಳೆ ಲೆಕ್ಕ ಇಡದ ತೋಟ ಇಲ್ಲ. ಹೂ ಮಳೆ, ಅಂದರೆ ಕಾಫಿ ಹೂ ಬಿಡಿಸುವ ಮಳೆ, ಎಷ್ಟು ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಬಂತು ಅಂತ ಫೋನ್ ಮಾಡಿ ಕೇಳದ ಬೆಳೆಗಾರನೂ ಇಲ್ಲ. ಆದರೆ ಮಳೆಯ ಪಕ್ಕದಲ್ಲೇ ಮ್ಯಾಕ್ಸಿಮಮ್ ಮಿನಿಮಮ್, ಅಂದರೆ ದಿನದ ಅತಿ ಹೆಚ್ಚು ಮತ್ತು ಅತಿ ಕಡಿಮೆ ಉಷ್ಣತೆ, ಬರೆದಿಟ್ಟವರು ಕಡಿಮೆ. ನಮ್ಮ ಅಪ್ಪ 1986ರಿಂದ ಬರೆದರು. ಮೊದಲು ಫ್ಯಾರನ್‌ಹೀಟ್‌ನಲ್ಲಿ, ಆಮೇಲೆ ಸೆಲ್ಸಿಯಸ್‌ನಲ್ಲಿ. ಯು ಆಕಾರದ ಹಳೇ ಥರ್ಮಾಮೀಟರ್, ಪಾದರಸದ ಮೇಲೆ ಚಿಕ್ಕ ಉಕ್ಕಿನ ಕಡ್ಡಿ, ಅಯಸ್ಕಾಂತದಿಂದ ಅದನ್ನು ಕೆಳಗೆ ಎಳೆಯುವುದು. ಪಾದರಸ ಕಡ್ಡಿಯನ್ನು ತಳ್ಳಿಕೊಂಡು ಹೋಗುತ್ತದೆ, ಹಿಂದೆ ಸರಿದಾಗ ಕಡ್ಡಿ ಅಲ್ಲೇ ನಿಲ್ಲುತ್ತದೆ.

ಮೊದಲ ಸಲ ಎಲ್ಲ ಅಂಕಿಗಳನ್ನು ಮಗಳು ಎಕ್ಸೆಲ್‌ಗೆ ಹಾಕಿದಾಗ ಬಂದ ಚಿತ್ರ ನೋಡಿ ನನಗೆ ಬಹಳ ಖುಷಿಯಾಗಿತ್ತು. ಸೆಕೆ ಸರ್ರನೆ ಮೇಲೆ ಏರಿತ್ತು. ಅದರಲ್ಲಿ ಅರ್ಧ ಸುಳ್ಳು ಅಂತ ಗೊತ್ತಾಗಲು ಮೂರು ತಿಂಗಳು ಬೇಕಾಯಿತು.

ಒಂದು ಬೇಸಿಗೆಯ ಪುಟದಲ್ಲಿ 39 ಅಂತ ಇತ್ತು. ಆ ವರ್ಷ ಅಪ್ಪನಿಗೆ ಹುಷಾರಿರಲಿಲ್ಲ, ಬರೆದದ್ದು ಹೊಸದಾಗಿ ಬಂದಿದ್ದ ರೈಟರ್ ಹುಡುಗ, ತೋಟದ ಲೆಕ್ಕ ಬರೆಯುವವನು. ಅಕ್ಷರ ಮುತ್ತಿನಂತಿದೆ. ಆದರೆ ಆ ಎರಡು ತಿಂಗಳ ಎಲ್ಲ ಅಂಕಿಗಳೂ ಸುಮಾರು ನಾಲ್ಕು ಡಿಗ್ರಿ ಮೇಲಿವೆ. ಹಳೇ ಥರ್ಮಾಮೀಟರನ್ನು ಕೈಯಲ್ಲಿ ಹಿಡಿದು ನೋಡಿದಾಗ ಹೊಳೆಯಿತು. ಕಡ್ಡಿಯ ಕೆಳತುದಿ, ಪಾದರಸಕ್ಕೆ ತಾಗುವ ತುದಿ, ಅದನ್ನು ಓದಬೇಕು. ಅವನು ಮೇಲಿನ ತುದಿ ಓದಿದ್ದ. ಕಡ್ಡಿಯ ಉದ್ದವೇ ನಾಲ್ಕು ಡಿಗ್ರಿ! ಲಿಬಿಯಾದ ಎಲ್ ಅಜೀಜಿಯಾದಲ್ಲಿ 1922ರ ಸೆಪ್ಟೆಂಬರ್ 13ಕ್ಕೆ 58 ಡಿಗ್ರಿ ಅಂತ ಬರೆದಿದ್ದರಲ್ಲ, ತೊಂಬತ್ತು ವರ್ಷ ಅದೇ ಪ್ರಪಂಚದ ದಾಖಲೆಯಾಗಿತ್ತು. 2012ರಲ್ಲಿ ವಿಶ್ವ ಹವಾಮಾನ ಸಂಸ್ಥೆ ಅದನ್ನು ತೆಗೆದುಹಾಕಿತು. ಅಲ್ಲಿಯೂ ಇದೇ ಜಾತಿಯ ಥರ್ಮಾಮೀಟರ್, ಅಲ್ಲಿಯೂ ಹೊಸಬ ಓದಿದ್ದು. ಇದನ್ನು ತಿಳಿದ ಮೇಲೆ ನಮ್ಮ ಆ ಹುಡುಗನ ಮೇಲಿನ ಸಿಟ್ಟು ಪೂರ್ತಿ ಇಳಿಯಿತು. ಆ ಎರಡು ತಿಂಗಳನ್ನು ಲೆಕ್ಕದಿಂದ ಹೊರಗಿಟ್ಟೆ.

ಎರಡನೆಯ ತೊಂದರೆ ಜಾಗದ್ದು. 2001ರವರೆಗೆ ಥರ್ಮಾಮೀಟರ್ ಜಗಲಿಯ ಕಂಬದಲ್ಲಿ ನೇತಾಡುತ್ತಿತ್ತು. ಆಮೇಲೆ ನಾನು ಹಲಸಿನ ಹಲಗೆಯಲ್ಲಿ ಬಿಳಿ ಪೆಟ್ಟಿಗೆ ಮಾಡಿಸಿ, ನಾಲ್ಕು ಅಡಿ ಎತ್ತರದಲ್ಲಿ, ಬಾಗಿಲು ಉತ್ತರಕ್ಕೆ ಮಾಡಿ ಹುಲ್ಲಿನ ಮೇಲೆ ನಿಲ್ಲಿಸಿದೆ. ಜಗಲಿಯದ್ದಕ್ಕೂ ಪೆಟ್ಟಿಗೆಯದ್ದಕ್ಕೂ ಹೋಲಿಕೆಯೇ ಇಲ್ಲ. ಈಗೇನು ಮಾಡುವುದು? ಜಗಲಿಯ ಕಂಬ ಇನ್ನೂ ಇದೆ, ಮೊಳೆಯೂ ಇದೆ, ಮೇಲಿನ ಹೆಂಚೂ ಅದೇ. ಅದೇ ಹಳೇ ಥರ್ಮಾಮೀಟರನ್ನು ಅದೇ ಮೊಳೆಗೆ ಮತ್ತೆ ತೂಗುಹಾಕಿದೆ. ಪೂರ್ತಿ ಒಂದು ವರ್ಷ ಎರಡನ್ನೂ ದಿನಾ ಓದಿದೆ. ಜಗಲಿಯದ್ದು ಬೇಸಿಗೆ ಮಧ್ಯಾಹ್ನ ಸುಮಾರು ಒಂದು ಡಿಗ್ರಿ ಕಡಿಮೆ, ರಾತ್ರಿ ಒಂದೂವರೆ ಡಿಗ್ರಿ ಜಾಸ್ತಿ. ಮಳೆಗಾಲದಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ. ತಿಂಗಳಿಗೊಂದು ತಿದ್ದುಪಡಿ ಅಂಕಿ ಸಿಕ್ಕಿತು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ತಾಳ್ಮೆ ಬೇಕು ಅಷ್ಟೆ. ನಾನು ಮಾಡಿದ್ದರಲ್ಲೆಲ್ಲ ಇದೇ ಒಳ್ಳೆಯ ಕೆಲಸ ಅಂತ ನನ್ನ ನಂಬಿಕೆ.

ಮೂರನೆಯದು ನನ್ನದೇ ತಪ್ಪು. 2009ರಲ್ಲಿ ಕಾಫಿ ಒಣಗಿಸುವ ಕಣಕ್ಕೆ ಸಿಮೆಂಟ್ ಹಾಕಿಸಿದೆ. ಪೆಟ್ಟಿಗೆಗೂ ಕಣಕ್ಕೂ ಹದಿನೈದು ಅಡಿ. ಆ ವರ್ಷದಿಂದ ಫೆಬ್ರವರಿ ಮಾರ್ಚಿನ ಮ್ಯಾಕ್ಸಿಮಮ್ ಒಂದು ಡಿಗ್ರಿಗಿಂತ ಜಾಸ್ತಿ ಹಾರಿದೆ. 2011ರಲ್ಲಿ ಪೆಟ್ಟಿಗೆಯನ್ನು ನೂರು ಅಡಿ ದೂರ ಸಾಗಿಸಿದೆ. ಅದನ್ನೂ ಯಾಕೋ ಅಂದಾಜಿನಲ್ಲಿ ಮಾಡಿದ್ದು, ಇಂಥ ಲೆಕ್ಕ ಆಗ ತಲೆಯಲ್ಲಿರಲಿಲ್ಲ. ಇದು ನನಗೆ ತಾನಾಗಿ ಕಂಡದ್ದಲ್ಲ. ಸುಂಟಿಕೊಪ್ಪ ಕಡೆಯ ಒಬ್ಬರು, ಶನಿವಾರಸಂತೆ ಕಡೆಯ ಇನ್ನೊಬ್ಬರು ತಮ್ಮ ಹಳೇ ಡೈರಿ ಕೊಟ್ಟರು. ನಮ್ಮ ಅಂಕಿಯಿಂದ ಅವರದ್ದನ್ನು ಕಳೆದು ಗೆರೆ ಎಳೆದೆ. ಸೆಕೆಯ ವರ್ಷ ಮೂರೂ ಕಡೆ ಸೆಕೆ, ಚಳಿಯ ವರ್ಷ ಮೂರೂ ಕಡೆ ಚಳಿ. ಹಾಗಾಗಿ ವ್ಯತ್ಯಾಸದ ಗೆರೆ ನೆಟ್ಟಗೆ ಹೋಗಬೇಕು. 2009ರಲ್ಲಿ ಅದು ಮೆಟ್ಟಿಲಿನಂತೆ ಏರಿತು, 2011ರಲ್ಲಿ ಇಳಿಯಿತು. ಆಕಾಶ ಹಾಗೆ ಮೆಟ್ಟಿಲು ಹತ್ತಿ ಇಳಿಯುವುದಿಲ್ಲ ಅಲ್ವಾ? ಆ ಎರಡು ವರ್ಷದ ಹಗಲಿನ ಅಂಕಿ ತೆಗೆದುಬಿಟ್ಟೆ.

ನಾಲ್ಕನೆಯ ತೊಂದರೆ ಓದುವ ಹೊತ್ತಿನದು. ಅಪ್ಪ ಸಂಜೆ ನಾಲ್ಕಕ್ಕೆ, ಹಾಜರಿ ಹಾಕುವ ಮೊದಲು ಓದುತ್ತಿದ್ದರು. ನಾನು ಬೆಳಿಗ್ಗೆ ಎಂಟೂವರೆಗೆ ಓದುತ್ತೇನೆ, ಹವಾಮಾನ ಇಲಾಖೆಯ ಹೊತ್ತಿಗೆ. ನಾಲ್ಕಕ್ಕೆ ಓದಿ ಕಡ್ಡಿ ಇಳಿಸಿದರೆ ಆಗಲೂ ಬಿಸಿ ಇರುತ್ತದೆ. ಮಾರನೆಯ ದಿನ ಮೋಡ ಕವಿದು ತಂಪಾದರೂ ನಿನ್ನೆ ಸಂಜೆಯ ಬಿಸಿಯೇ ಇವತ್ತಿನ ಲೆಕ್ಕಕ್ಕೂ ಬರುತ್ತದೆ. ಒಂದು ಸೆಕೆಯ ದಿನ ಎರಡಾಗುತ್ತದೆ. ಅಂಥ ಜೋಡಿ ದಿನಗಳನ್ನು ಡೈರಿಯಲ್ಲಿ ಹುಡುಕಿ ತೆಗೆಯಲು ನನ್ನದೇ ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಡೈರಿ ನೋಡದೆ ಅದನ್ನೇ ಎಲ್ಲದಕ್ಕೂ ಹಚ್ಚುತ್ತಾರೆ. ತೋಟಕ್ಕೆ ಬಂದವರಿಗೆ ಪುಟ ತೆಗೆದು ತೋರಿಸುತ್ತೇನೆ.

2018ರ ಆಗಸ್ಟ್‌ನಲ್ಲಿ ಹನ್ನೊಂದು ದಿನ ಖಾಲಿ ಇದೆ. ಗುಡ್ಡಗಳು ಜಾರುತ್ತಿದ್ದ ವಾರ ಅದು. ಥರ್ಮಾಮೀಟರ್ ಯಾರಿಗೆ ನೆನಪಿತ್ತು? ಆ ಜಾಗವನ್ನು ಅಂದಾಜಿನಲ್ಲಿ ತುಂಬಿಲ್ಲ, ಹಾಗೇ ಬಿಟ್ಟಿದ್ದೇನೆ.

ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ದೊಡ್ಡ ನಷ್ಟ ಆದದ್ದು ಆಟೋಮ್ಯಾಟಿಕ್ ವೆದರ್ ಸ್ಟೇಷನ್‌ನಿಂದ. ನಲವತ್ತು ಸಾವಿರದ ಹತ್ತಿರ ಕೊಟ್ಟೆ. ಮೊದಲ ವರ್ಷವೇ ಏಪ್ರಿಲ್ ಗುಡುಗಿನಲ್ಲಿ ಸುಟ್ಟುಹೋಯಿತು. ಮಾರಿದವರು ಸಿಡಿಲಿಗೆ ಗ್ಯಾರಂಟಿ ಇಲ್ಲ ಅಂದರು. ಆಮೇಲೆ ಉಷ್ಣತೆಯನ್ನು ತಾನೇ ಬರೆದಿಟ್ಟುಕೊಳ್ಳುವ ಚಿಕ್ಕ ಡಿಜಿಟಲ್ ಲಾಗರ್ ಮೂರು ತಂದೆ, ಒಂದಕ್ಕೆ ನಾಲ್ಕು ಸಾವಿರ ಚಿಲ್ಲರೆ. ಎರಡು ಚೆನ್ನಾಗಿವೆ. ಮೂರನೆಯದರೊಳಗೆ ಇರುವೆ ಗೂಡು ಕಟ್ಟಿ ಮೊಟ್ಟೆ ಇಟ್ಟಿದ್ದವು. ಪೆಟ್ಟಿಗೆಗೆ ಹೊಸ ಬಣ್ಣ, ಹೊಸ ಕಾಲು, ಒಂದು ಜೊತೆ ಒಳ್ಳೆಯ ಥರ್ಮಾಮೀಟರ್, ಇದಕ್ಕೆಲ್ಲ ಆರೇಳು ಸಾವಿರ. ಪೂರ್ತಿ ಲೆಕ್ಕ ನಡೆದದ್ದು ಈ ಆರೇಳು ಸಾವಿರದ ಸಾಮಾನಿನ ಮೇಲೇ.

ಡಿಜಿಟಲ್ ಅಂದ ಕೂಡಲೇ ನಂಬಬೇಡಿ. 2024ರ ಮೇ 29ಕ್ಕೆ ದೆಹಲಿಯ ಮುಂಗೇಶ್‌ಪುರದಲ್ಲಿ 52.9 ಅಂತ ಬಂದು ದೇಶವೆಲ್ಲ ಬೆಚ್ಚಿಬಿತ್ತು. ಹವಾಮಾನ ಇಲಾಖೆ ಪರೀಕ್ಷೆ ಮಾಡಿದಾಗ ಆ ಸೆನ್ಸರ್ ಮೂರು ಡಿಗ್ರಿ ಜಾಸ್ತಿ ತೋರಿಸುತ್ತಿತ್ತು. ರಾಜಸ್ಥಾನದ ಫಲೋದಿಯಲ್ಲಿ 2016ರ ಮೇ ತಿಂಗಳಲ್ಲಿ ಬಂದ 51 ಡಿಗ್ರಿಯೇ ದೇಶದ ದಾಖಲೆಯಾಗಿ ಉಳಿಯಿತು.

ಇನ್ನು ಎಣಿಕೆ. ಇದನ್ನು ಅಣ್ಣನಿಗೆ ಹೇಗೆ ಒಪ್ಪಿಸಿದೆ ಅಂತ ಹೇಳಿದರೆ ಸಾಕು. ಕಳೆದ ಜುಲೈನಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ಅವರು ಮನೆಗೆ ಬಂದಿದ್ದರು. ಮಗಳು ವರ್ಷಕ್ಕೊಂದರಂತೆ ನಲವತ್ತು ಚೀಟಿ ಮಾಡಿ, ಒಂದರಿಂದ ನಲವತ್ತರವರೆಗೆ ಬರೆದು, ಕಾಫಿ ಹಣ್ಣು ಅಳೆಯುವ ಡಬ್ಬದಲ್ಲಿ ಹಾಕಿ ಕುಲುಕಿದಳು. ಅಣ್ಣ ಒಂದೊಂದಾಗಿ ತೆಗೆದರು. ಹಿಂದಿನ ಎಲ್ಲದಕ್ಕಿಂತ ದೊಡ್ಡ ಅಂಕಿ ಬಂದಾಗಲೆಲ್ಲ ಒಂದು ಗೆರೆ. ಮೊದಲ ಚೀಟಿಗೆ ಹೇಗೂ ಗೆರೆ. ಎರಡನೆಯದು ದಾಖಲೆ ಆಗುವುದು ಎರಡರಲ್ಲಿ ಒಂದು ಸಲ, ಹತ್ತನೆಯದು ಹತ್ತರಲ್ಲಿ ಒಂದು ಸಲ, ನಲವತ್ತನೆಯದು ನಲವತ್ತರಲ್ಲಿ ಒಂದು ಸಲ. ಇಪ್ಪತ್ತೈದು ಸಲ ಆಡಿದೆವು. ಸರಾಸರಿ ನಾಲ್ಕಕ್ಕಿಂತ ಸ್ವಲ್ಪ ಮೇಲೆ ಗೆರೆ ಬಂತು. ಕೊನೆಯ ಹತ್ತು ಚೀಟಿಗಳಲ್ಲಿ ಗೆರೆ ಬಿದ್ದದ್ದು ಬಹಳ ಅಪರೂಪ.

"ಹಾಗಾದರೆ ಹವೆ ಬದಲಾಗದಿದ್ದರೆ ದಾಖಲೆ ಮುರಿಯುವುದು ವರ್ಷದಿಂದ ವರ್ಷಕ್ಕೆ ಕಷ್ಟ ಆಗಬೇಕು" ಅಂದರು ಅಣ್ಣ. ನಾನು ಒಂದೂವರೆ ವರ್ಷದಿಂದ ಹೇಳಲು ಹೊರಟದ್ದು ಅದನ್ನೇ. ಮೇಲಿನ ದಾಖಲೆ ಎಷ್ಟು ಕಷ್ಟವೋ ಕೆಳಗಿನದ್ದೂ ಅಷ್ಟೇ ಕಷ್ಟ ಆಗಬೇಕು.

ಜನವರಿ ಒಂದರಿಂದ ಡಿಸೆಂಬರ್ ಕೊನೆಯವರೆಗೆ ಪ್ರತಿ ತಾರೀಖಿಗೂ ಪ್ರತ್ಯೇಕ ಪಟ್ಟಿ ಮಾಡಿದೆ. ಏಪ್ರಿಲ್ 10 ಅಂದರೆ ಎಲ್ಲ ವರ್ಷದ ಏಪ್ರಿಲ್ 10 ಮಾತ್ರ. ಮೊದಲು ಸರಿಸಮ ಬಂದದ್ದನ್ನೂ ದಾಖಲೆ ಅಂತ ಎಣಿಸಿ ಕೆಟ್ಟೆ. ನಾವು ಅರ್ಧ ಡಿಗ್ರಿಗೆ ಓದುವುದರಿಂದ ಸಮ ಬರುವುದು ಬಹಳ. ಎರಡೂ ಕಡೆ ಎಣಿಕೆ ಉಬ್ಬಿತು. ಹಾಗಾಗಿ ಮೀರಿದ್ದನ್ನು ಮಾತ್ರ ಎಣಿಸಿ. ಹವೆ ನಿಂತಲ್ಲೇ ನಿಂತಿದ್ದರೆ 2016ರಿಂದ 2025ರ ಹತ್ತು ವರ್ಷದಲ್ಲಿ ಮೇಲೆ ಸುಮಾರು ನೂರು, ಕೆಳಗೆ ಸುಮಾರು ನೂರು ದಾಖಲೆ ಬರಬೇಕು. ಸಮ ಬಿದ್ದದ್ದನ್ನು ಬಿಟ್ಟರೆ ಇನ್ನೂ ಕಡಿಮೆ.

ನಮ್ಮ ತೋಟದಲ್ಲಿ ಹಗಲಿನ ಸೆಕೆಯ ದಾಖಲೆ ನೂರ ಐದರ ಹತ್ತಿರ, ತಂಪಿನ ದಾಖಲೆ ಅರವತ್ತೈದರ ಹತ್ತಿರ. ಇದನ್ನು ನೋಡಿ ನಾನು ಅಷ್ಟೇನೂ ಕುಣಿಯಲಿಲ್ಲ. ಹಗಲಿನ ಅಂಕಿಯನ್ನು ಮರಗಸಿಯೂ (ನೆರಳಿನ ಮರದ ಕೊಂಬೆ ಸವರುವುದು) ಏರಿಸುತ್ತದೆ, ಮೋಡವೂ ಇಳಿಸುತ್ತದೆ. ರಾತ್ರಿಯದ್ದು ನೋಡಿ. ಬೆಚ್ಚಗಿನ ರಾತ್ರಿಯ ದಾಖಲೆ ನೂರ ಇಪ್ಪತ್ತರ ಮೇಲೆ, ಚಳಿಯ ರಾತ್ರಿಯದ್ದು ನಲವತ್ತು ಅಷ್ಟೇ. ಒಂದಕ್ಕೆ ಮೂರು! ನಾವೆಲ್ಲ ಏಪ್ರಿಲ್ ಮಧ್ಯಾಹ್ನವನ್ನು ನೋಡುತ್ತಾ ಕೂತಿದ್ದೆವು, ಹವೆ ಬದಲಾದದ್ದು ಡಿಸೆಂಬರ್ ಜನವರಿಯ ಬೆಳಗಿನ ಜಾವದಲ್ಲಿ. ಅಮೆರಿಕದಲ್ಲೂ ಇದೇ ರೀತಿ ಎಣಿಸಿದವರಿದ್ದಾರೆ. 2009ರಲ್ಲಿ ಬಂದ ಅಧ್ಯಯನದಲ್ಲಿ ಆ ದಶಕದ ಸೆಕೆಯ ದಾಖಲೆಗಳು ಚಳಿಯ ದಾಖಲೆಗಳ ಎರಡರಷ್ಟಿದ್ದವು. ಭಾರತದ ಸರಾಸರಿ ಉಷ್ಣತೆ 1901ರಿಂದ 2018ರೊಳಗೆ 0.7 ಡಿಗ್ರಿ ಏರಿದೆ, 2024 ಅಂತೂ 1901ರಿಂದ ಈಚೆಗೆ ದೇಶದ ಅತಿ ಬೆಚ್ಚಗಿನ ವರ್ಷ. ನಮ್ಮ ತೋಟದ ಎಣಿಕೆ ಇದಕ್ಕೆ ವಿರುದ್ಧ ಹೋಗಿಲ್ಲ. ಒಂದು ತೋಟ ಒಂದು ದೇಶಕ್ಕೆ ಸಾಕ್ಷಿಯಾಗುವುದಿಲ್ಲ, ಆದರೆ ಸುಂಟಿಕೊಪ್ಪದ ಡೈರಿಯಲ್ಲೂ ರಾತ್ರಿ ಒಂದಕ್ಕೆ ಎರಡೂವರೆ ಬಂತು. ಶನಿವಾರಸಂತೆಯವರು ಮಿನಿಮಮ್ ಬರೆದೇ ಇಲ್ಲ.

ಅಣ್ಣ ಅಷ್ಟಕ್ಕೇ ಬಿಡಲಿಲ್ಲ. "ನೀನು 2008ರಲ್ಲಿ ಸ್ಪ್ರಿಂಕ್ಲರಿಗೆ ಅಂತ ಕೆರೆ ತೋಡಿಸಿದೆಯಲ್ಲ, ರಾತ್ರಿ ಬೆಚ್ಚಗಾದದ್ದು ಅದರಿಂದಲೇ" ಅಂದರು. ಒಳ್ಳೆಯ ಪ್ರಶ್ನೆ. ಒಂದು ಲಾಗರ್ ಕೆರೆ ಏರಿಯ ಮೇಲೆ, ಒಂದು ಅಲ್ಲಿಂದ ಪೆಟ್ಟಿಗೆಗೆ ಹೋಗುವ ಅರ್ಧ ದಾರಿಯಲ್ಲಿ ಇಟ್ಟು ಡಿಸೆಂಬರಿನಿಂದ ಮಾರ್ಚಿನವರೆಗೆ ನೋಡಿದೆ. ಏರಿಯ ಮೇಲೆ ಅರ್ಧ ಡಿಗ್ರಿ ಬೆಚ್ಚಗಿತ್ತು. ಅರ್ಧ ದಾರಿಗೆ ಬರುವಷ್ಟರಲ್ಲಿ ಏನೂ ಇಲ್ಲ. ಪೆಟ್ಟಿಗೆ ಇನ್ನೂ ಮೇಲಿದೆ.

ಅದೇ ಲಾಗರ್‌ಗಳನ್ನು ಆಮೇಲೆ ಅರೇಬಿಕಾ ಗಿಡದ ಮಟ್ಟಕ್ಕೆ ಕಟ್ಟಿದೆ. ಒಂದು ಬ್ಲಾಕಿನಲ್ಲಿ ಮರಗಸಿ ಮಾಡಿಸಿದ್ದೆ, ಇನ್ನೊಂದರಲ್ಲಿ ನೆರಳಿನ ಹಾಲುವಾಣ ಮರಗಳನ್ನು ಹಾಗೇ ಬಿಟ್ಟಿದ್ದೆ. ಮಾರ್ಚ್ ಮಧ್ಯಾಹ್ನ ಎರಡು ಬ್ಲಾಕಿನ ನಡುವೆ ಎರಡೂವರೆ ಮೂರು ಡಿಗ್ರಿ ವ್ಯತ್ಯಾಸ. ನಲವತ್ತು ವರ್ಷದ ಬದಲಾವಣೆಗಿಂತ ಒಂದು ಕತ್ತಿಯ ಕೆಲಸ ದೊಡ್ಡದು. ನೆರಳು ಕಡಿಮೆಯಾದ ಬ್ಲಾಕಿನಲ್ಲೇ ಕಾಫಿಯ ಬಿಳಿ ಕಾಂಡ ಕೊರಕ ಹುಳ ಜಾಸ್ತಿ ಅಂತ ನಾವೆಲ್ಲ ಅನುಭವದಿಂದ ಬಲ್ಲೆವು. ಆ ಕಥೆ ಇನ್ನೊಮ್ಮೆ ಬರೆಯುತ್ತೇನೆ. ಹೂ ಬಿಟ್ಟ ತಾರೀಖುಗಳನ್ನೂ ಜೋಡಿಸಲು ನೋಡಿದೆ, ಆಗಲಿಲ್ಲ. ಸ್ಪ್ರಿಂಕ್ಲರ್ ಬಂದ ಮೇಲೆ ರೊಬಸ್ಟಾ ಹೂ ಬಿಡುವುದು ನಾವು ಮೋಟಾರ್ ಹಾಕಿದ ದಿನದ ಲೆಕ್ಕದಲ್ಲಿ.

ನಿಮ್ಮ ಮನೆ ಅಟ್ಟದಲ್ಲಿ ಹಳೇ ಡೈರಿ ಇದ್ದರೆ, ಅದರಲ್ಲಿ ಮಿನಿಮಮ್ ಬರೆದಿದ್ದರೆ, ದಯವಿಟ್ಟು ಗೆದ್ದಲಿಗೆ ಬಿಡಬೇಡಿ. ತಪ್ಪು ಅಂತ ಕಂಡ ಅಂಕಿಯನ್ನೂ ಹೊಡೆದುಹಾಕಬೇಡಿ, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆಯಿರಿ. ಥರ್ಮಾಮೀಟರ್ ಯಾವ ಮೊಳೆಯಲ್ಲಿತ್ತು ಅಂತ ಹಿರಿಯರು ಇರುವಾಗಲೇ ಕೇಳಿಕೊಳ್ಳಿ. ಪುಟಗಳ ಫೋಟೋ ತೆಗೆಯಲು ನಾನೇ ಬರುತ್ತೇನೆ. ನಾಪೋಕ್ಲು, ಅಮ್ಮತ್ತಿ ಕಡೆಯವರು ಹುತ್ತರಿ ಮುಗಿದ ಮೇಲೆ ಹೇಳಿದರೆ ಒಳ್ಳೆಯದು, ಆಮೇಲೆ ಕಾಫಿ ಕುಯ್ಲು ಜೋರಾಗುವವರೆಗೆ ನನಗೆ ಒಂದೆರಡು ವಾರ ಬಿಡುವು ಸಿಗುತ್ತದೆ.