ಬಿಲ್ಲಿನಲ್ಲಿ ಇದ್ದದ್ದು ‘1 ಸೆಟ್’ ಅಷ್ಟೇ

ನಮ್ಮ ಮನೆ ಸಿರ್ಸಿಯಿಂದ ಹನ್ನೆರಡು ಕಿಲೋಮೀಟರ್ ಒಳಗೆ, ತೋಟದ ತಲೆಮೇಲೆ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿತ್ತು ಅಂದ್ರೆ ಎರಡು ದಿನ ಕರೆಂಟಿಲ್ಲ. ಹಾಗಾಗಿ 2024ರ ಡಿಸೆಂಬರ್‌ನಲ್ಲಿ 3 ಕಿಲೋವ್ಯಾಟ್ ಸೋಲಾರ್ ಹಾಕಿಸುವಾಗ ಬ್ಯಾಟರಿಯನ್ನೂ ಸೇರಿಸಿದೆ. ಬ್ಯಾಟರಿ ಇಲ್ಲದ, ಬರೀ ಲೈನಿಗೆ ಜೋಡಿಸಿದ ಸೋಲಾರ್ ಆದರೆ ಕರೆಂಟು ಹೋದ ಕೂಡಲೇ ಅದೂ ನಿಲ್ಲುತ್ತದೆ. ಲೈನ್‌ಮನ್ ಕಂಬದ ಮೇಲಿರುವಾಗ ನಮ್ಮ ಮನೆಯಿಂದ ಕರೆಂಟು ಹರಿಯಬಾರದು ಅಲ್ವಾ, ಅದಕ್ಕೆ.

540 ವ್ಯಾಟಿನ ಆರು ಪ್ಯಾನೆಲ್, ಪ್ಯಾನೆಲ್, ಬ್ಯಾಟರಿ, ಲೈನ್ ಮೂರನ್ನೂ ಸಂಭಾಳಿಸುವ ಒಂದು ಹೈಬ್ರಿಡ್ ಇನ್ವರ್ಟರ್, 5 ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿ. ಕರೆಂಟು ಕಂಪನಿ ಹೆಸ್ಕಾಂನವರು ಬಂದು ನೋಡಿ, ಒಳಗೆ ಬಂದ ಕರೆಂಟು, ಹೊರಗೆ ಕೊಟ್ಟ ಕರೆಂಟು ಎರಡನ್ನೂ ಅಳೆಯುವ ನೆಟ್ ಮೀಟರ್ ಕೂರಿಸಿದರು. ಪಿಎಂ ಸೂರ್ಯ ಘರ್ ಯೋಜನೆಯ 78,000 ರೂಪಾಯಿ ಸಬ್ಸಿಡಿಯೂ ಖಾತೆಗೆ ಬಂತು. ಅದು ಪ್ಯಾನೆಲ್ ಲೆಕ್ಕಕ್ಕೆ ಮಾತ್ರ, ಬ್ಯಾಟರಿಗೆ ಒಂದು ಪೈಸೆ ಇಲ್ಲ. ಖುಷಿಯಲ್ಲಿ ಕೊನೆಯ ಕಂತನ್ನೂ ಕೊಟ್ಟು ಮುಗಿಸಿದೆ. ಕಾಗದಪತ್ರ ಕೇಳಿದ್ದಕ್ಕೆ ಹಾಕಿದ ಹುಡುಗ, “ಎಲ್ಲ ಆನ್‌ಲೈನ್‌ನಲ್ಲೇ ಇರ್ತದೆ ಸರ್” ಅಂದ. ನಾನೂ ಸುಮ್ನಾದೆ.

ಮುಂದಿನ ಜುಲೈ. ಮೂರು ದಿನದಿಂದ ಹಿಡಿದ ಮಳೆ, ಎಂದಿನಂತೆ ಕರೆಂಟಿಲ್ಲ. ಇನ್ವರ್ಟರ್‌ನಲ್ಲಿ ಕೆಂಪು ದೀಪ. ಬ್ಯಾಟರಿ ತುಂಬಿದೆ, ಮನೆಯಲ್ಲಿ ಕತ್ತಲೆ. ಹಾಕಿಸಿದವರಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಆ ವ್ಯವಹಾರವನ್ನೇ ಬಿಟ್ಟಿದ್ದಾರೆ ಅಂತ ಆಮೇಲೆ ಗೊತ್ತಾಯಿತು.

ಇನ್ವರ್ಟರ್ ಕಂಪನಿಯ ಸರ್ವಿಸ್‌ಗೇ ನೇರವಾಗಿ ಫೋನ್ ಮಾಡಿದೆ. ಅವರು ಮೂರು ಕೇಳಿದರು. ಸೀರಿಯಲ್ ನಂಬರ್, ಹಾಕಿದ ತಾರೀಖು, ಅದಕ್ಕೆ ಪುರಾವೆ. ಮೊದಲನೆಯದು ಇನ್ವರ್ಟರ್ ಮೈಮೇಲೇ ಅಂಟಿಸಿತ್ತು. ಪುರಾವೆಗೆ ಬಿಲ್ ತೆಗೆದು ನೋಡಿದೆ. ಅದರಲ್ಲಿ ಇದ್ದದ್ದು ಒಂದೇ ಸಾಲು: ‘ಸೋಲಾರ್ ಸಿಸ್ಟಂ 3 ಕಿ.ವ್ಯಾ. – 1 ಸೆಟ್’. ಯಾವ ಕಂಪನಿಯ ಇನ್ವರ್ಟರ್, ಯಾವ ಬ್ಯಾಟರಿ, ನಂಬರ್ ಎಷ್ಟು, ಏನೂ ಇಲ್ಲ. ಅಡಿಕೆ ಮಾರುವಾಗ ಇಂಥ ಚೀಟಿ ಕೊಟ್ಟಿದ್ದರೆ ನಾನೇ ಜಗಳ ಮಾಡುತ್ತಿದ್ದೆ. ಲಕ್ಷಗಟ್ಟಲೆಯ ಸಾಮಾನಿಗೆ ತೆಪ್ಪಗೆ ತಗೊಂಡು ಬಂದಿದ್ದೆ.

ಹಾಕಿದ ತಾರೀಖಿಗೆ ಪುರಾವೆ ಇಲ್ಲದಿದ್ದರೆ ಕಾರ್ಖಾನೆಯಿಂದ ಹೊರಟ ದಿನದಿಂದಲೇ ವಾರಂಟಿ ಲೆಕ್ಕ ಹಾಕುತ್ತಾರಂತೆ. ನಮ್ಮ ಇನ್ವರ್ಟರ್ ಗೋದಾಮಿನಲ್ಲೇ ಏಳು ತಿಂಗಳು ಕೂತಿತ್ತು. ಆ ಏಳು ತಿಂಗಳು ಹೋದ ಹಾಗೇ.

ಕಡೆಗೆ ಕೈ ಹಿಡಿದದ್ದು ಹೆಸ್ಕಾಂನ ಸೆಕ್ಷನ್ ಆಫೀಸ್. ನೆಟ್ ಮೀಟರ್ ಕೂರಿಸಿದ ದಿನದ ಕಮಿಷನಿಂಗ್ ರಿಪೋರ್ಟ್, ಅಂದ್ರೆ ಸೋಲಾರ್ ಚಾಲೂ ಆಯಿತು ಅನ್ನುವ ದಾಖಲೆ, ಅಲ್ಲಿತ್ತು. ಆರ್.ಆರ್. ನಂಬರ್ ಹೇಳಿದೆ, ಹುಡುಕಿ ಪ್ರತಿ ಕೊಟ್ಟರು. ಇನ್ವರ್ಟರ್ ನಂಬರ್, ತಾರೀಖು ಎರಡೂ ಅದರಲ್ಲಿತ್ತು. ಅದನ್ನು ಕಳಿಸಿದ ಮೇಲೆ ದೂರು ದಾಖಲಾಯಿತು. ಕೆಂಪು ದೀಪ ಹೊತ್ತಿದಂದಿನಿಂದ ಇನ್ವರ್ಟರ್‌ಗೆ ಹೊಸ ಬೋರ್ಡ್ ಬರುವವರೆಗೆ 23 ದಿನ.

ಬ್ಯಾಟರಿಯದ್ದು ಬೇರೆಯೇ ಕಥೆ. ಅದರ ಆ್ಯಪ್ ಖಾತೆ ಇದ್ದದ್ದು ಸೋಲಾರ್ ಹಾಕಿದ ಹುಡುಗನ ಇಮೇಲ್‌ನಲ್ಲಿ. ನನ್ನ ಫೋನ್‌ನಲ್ಲಿ ಇದ್ದದ್ದು ನೋಡುವ ಅನುಮತಿ ಮಾತ್ರ. ಹಿಂದಿನ ದಾಖಲೆ ಬೇಕು ಅಂತ ಸರ್ವಿಸ್‌ನವರು ಕೇಳಿದರೆ ಅನುಮತಿ ಕೊಡಬೇಕಾದವನು ಊರಲ್ಲೇ ಇಲ್ಲ. ಬ್ಯಾಟರಿಯ ಸ್ಟಿಕ್ಕರ್ ಫೋಟೋ, ಗುರುತಿನ ಚೀಟಿ ಎಲ್ಲ ಕಳಿಸಿ ಖಾತೆಯನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳುವಷ್ಟರಲ್ಲಿ ಸಾಕಾಯಿತು. ಪಾಸ್‌ವರ್ಡ್ ಕಾಗದ ಅಲ್ಲ, ನಿಜ. ನನ್ನ ಲೆಕ್ಕದಲ್ಲಿ ಅದೂ ಕಾಗದಪತ್ರವೇ.

ಉಳಿದ ಫೈಲನ್ನು ನಾನೇ ಕಟ್ಟಲು ಕೂತೆ. ಮೊದಲು ಪ್ಯಾನೆಲ್ ನಂಬರ್. ಅದು ಪ್ಯಾನೆಲ್ ಬೆನ್ನಿಗಿರುತ್ತದೆ. ನಮ್ಮ ಫ್ರೇಮ್ ಮುಂದುಗಡೆ ಒಂದೂವರೆ ಅಡಿ ಎತ್ತರ ಅಷ್ಟೇ. ಪಾಚಿ ಕಟ್ಟಿದ ಸ್ಲ್ಯಾಬ್ ಮೇಲೆ ಅಂಗಾತ ಮಲಗಿ, ಒಂದು ಕೈಯಲ್ಲಿ ಟಾರ್ಚ್, ಒಂದು ಕೈಯಲ್ಲಿ ಮೊಬೈಲ್ ಹಿಡಿದು ಬೆನ್ನಲ್ಲೇ ತೆವಳಿದೆ. ಆರರಲ್ಲಿ ನಾಲ್ಕರ ಸ್ಟಿಕ್ಕರ್ ಓದಲು ಬಂತು. ಇನ್ನೆರಡಕ್ಕೆ ಫ್ರೇಮ್‌ನ ಪಟ್ಟಿಯೇ ಅಡ್ಡ. ಕೆಲವು ಪ್ಯಾನೆಲ್‌ಗಳಲ್ಲಿ ಗಾಜಿನ ಒಳಗೆ ಅಂಚಿನಲ್ಲೂ ಬಾರ್‌ಕೋಡ್ ಇರುತ್ತದೆ. ನಮ್ಮ ಪುಣ್ಯಕ್ಕೆ ಇತ್ತು. “ಈ ವಯಸ್ಸಲ್ಲಿ ಎಂತ ಸರ್ಕಸ್ಸು ಮಾರಾಯ್ರೆ” ಅಂತ ಹೆಂಡತಿ ಕೆಳಗಿನಿಂದಲೇ ಬೈದಳು. ಪ್ಯಾನೆಲ್ ಮೇಲೇರಿಸುವ ಮೊದಲು ಅಂಗಳದಲ್ಲಿ ಗೋಡೆಗೆ ಒರಗಿಸಿಟ್ಟಾಗ ಫೋಟೋ ಹೊಡೆದುಕೊಂಡಿದ್ದರೆ ಐದು ನಿಮಿಷದ ಕೆಲಸ.

ದೀಪಾವಳಿ ಕಳೆದು ಕಾರವಾರದ ತಂಗಿಯ ಮನೆಗೆ ಸೋಲಾರ್ ಬಂತು. ಭಾವ ನನಗೇ ಫೋನ್ ಮಾಡಿದರು. ಒಂದೇ ಮಾತು ಹೇಳಿದೆ, ಕಾಗದ ಕೈಗೆ ಬರುವವರೆಗೆ ಕೊನೆಯ ಹತ್ತು ಪರ್ಸೆಂಟ್ ಕೊಡಬೇಡಿ ಅಂತ. ಹಾಗಂತ ಕರಾರಿನಲ್ಲೇ ಬರೆಸಿದೆವು. ಹಾಕುವವರು ಮೊದಲು ಮುಖ ಸಿಂಡರಿಸಿದರು, ಆಮೇಲೆ ಒಪ್ಪಿದರು.

ಜಿ.ಎಸ್.ಟಿ. ಬಿಲ್‌ನಲ್ಲಿ ಪ್ರತಿ ಸಾಮಾನು ಬೇರೆ ಸಾಲು, ಪಕ್ಕದಲ್ಲಿ ನಂಬರ್. ವಾರಂಟಿ ಪತ್ರ ಪ್ಯಾನೆಲ್, ಇನ್ವರ್ಟರ್, ಬ್ಯಾಟರಿ, ಫ್ರೇಮ್‌ಗೆ ಬೇರೆ ಬೇರೆ. ‘25 ವರ್ಷ ಗ್ಯಾರಂಟಿ’ ಅಂತ ಬಾಯಲ್ಲಿ ಹೇಳುವುದು ಸಾಮಾನ್ಯವಾಗಿ ಪ್ಯಾನೆಲ್ ಎಷ್ಟು ಕರೆಂಟು ಕೊಡುತ್ತದೆ ಅನ್ನುವುದಕ್ಕೆ. ಪ್ಯಾನೆಲ್ಲೇ ಹಾಳಾದರೆ ಇರುವ ವಾರಂಟಿ ಎಷ್ಟೋ ಸಲ ಅದಕ್ಕಿಂತ ಕಡಿಮೆ. ಬ್ಯಾಟರಿಯದ್ದು ವರ್ಷ ಅಥವಾ ಎಷ್ಟು ಸಲ ಚಾರ್ಜ್ ಆಯಿತು ಅನ್ನುವ ಲೆಕ್ಕ, ಯಾವುದು ಮೊದಲೋ ಅದು. ಸಬ್ಸಿಡಿಗೆ ಪ್ಯಾನೆಲ್ ನಮ್ಮ ದೇಶದಲ್ಲೇ ಆದ ಸೆಲ್‌ನದ್ದಿರಬೇಕು, ಆ ಸರ್ಟಿಫಿಕೇಟ್ ಕೂಡ ಫೈಲಿಗೆ ಸೇರಿತು. ತಂಗಿಯ ಮನೆಯ ಟೆರೇಸ್‌ಗೆ ಕಡಲ ಗಾಳಿ ನೇರ ಹೊಡೆಯುತ್ತದೆ. ಹಾಗಾಗಿ ಉಪ್ಪುಗಾಳಿಯ ಪರೀಕ್ಷೆ ಪಾಸಾದ ಪತ್ರವನ್ನೂ ಕೇಳಿದೆವು. ಅದಕ್ಕೆ ಐಇಸಿ 61701 ಅಂತ ನಂಬರ್. ಆ ನಂಬರ್ ಹೇಳಿ ಕೇಳಿದ ಮೇಲೆ ಹಾಕುವವರ ದನಿಯೇ ಬದಲಾಯಿತು.

ನೆಟ್ ಮೀಟರ್ ಒಪ್ಪಂದದ ಪ್ರತಿ, ಕಮಿಷನಿಂಗ್ ರಿಪೋರ್ಟ್ ಬಂದವು. ಮೀಟರ್ ಕೂರಿಸಿದ ದಿನದ ರೀಡಿಂಗನ್ನು ಭಾವ ಫೋಟೋ ಹೊಡೆದಿಟ್ಟರು. ಮನೆಯೊಳಗೆ ಬಂದದ್ದು, ಹೊರಗೆ ಕೊಟ್ಟದ್ದು ಎರಡೂ. ಮೊದಲ ಬಿಲ್ ಬಂದಾಗ ತಾಳೆ ನೋಡಲಿಕ್ಕೆ ಬೇರೆ ಆಧಾರ ಇರುವುದಿಲ್ಲ.

ನನಗೆ ಜಾಸ್ತಿ ಇಷ್ಟವಾದದ್ದು ಎರಡು ಹಾಳೆ. ಒಂದು ವೈರಿಂಗ್ ನಕ್ಷೆ. ಬ್ಯಾಟರಿ ಯಾವ ರೂಮಿನ ಲೈನಿಗೆ, ಫ್ರಿಜ್ಜಿಗೆ ಇದೆಯಾ, ಪಂಪಿಗೆ ಇಲ್ಲವಾ ಎಲ್ಲ ಅದರಲ್ಲಿದೆ. ನಾಳೆ ಬೇರೆ ಎಲೆಕ್ಟ್ರಿಷಿಯನ್ ಬಂದರೂ ಗೋಡೆ ತಡಕಬೇಕಾಗಿಲ್ಲ. ಇನ್ನೊಂದು ಪರೀಕ್ಷೆಯ ಹಾಳೆ. ಆರು ಪ್ಯಾನೆಲ್ ಸಾಲಾಗಿ ಜೋಡಿಸಿ, ಇನ್ವರ್ಟರ್‌ಗೆ ಕೊಡುವ ಮೊದಲು ಮಧ್ಯಾಹ್ನ ಅಳೆದಾಗ 278 ವೋಲ್ಟ್. ಮುಂದೆ ಯಾವತ್ತೋ ಅಂಥದೇ ಬಿಸಿಲಲ್ಲಿ ಅಳೆದು 46 ವೋಲ್ಟ್ ಕಡಿಮೆ ಬಂದರೆ ಒಂದು ಪ್ಯಾನೆಲ್‌ನಷ್ಟು ಎಲ್ಲೋ ಹೋಗಿದೆ ಅಂತ ಕೂಡಲೇ ಗೊತ್ತಾಗುತ್ತದೆ. ಇದೇ ಹಾಳೆ ನಮ್ಮ ಮನೆಗೆ ಸಿಗಲೇ ಇಲ್ಲ.

ಎಲ್ಲದರ ಫೋಟೋ ತಂಗಿ, ಭಾವ, ನಾನು ಮೂವರ ಫೋನ್‌ನಲ್ಲೂ ಇದೆ. ಮೂಲ ಪ್ರತಿ ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ. ನಮ್ಮ ಮಳೆಗಾಲದಲ್ಲಿ ಕಪಾಟಿನ ಕಾಗದಕ್ಕೆ ಬೂಷ್ಟು ಬರದೆ ಇರುತ್ತದಾ?

ಒಂದು ಮಾತ್ರ ಬಾಕಿ. ಸಿಡಿಲಿನ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಂಗ್‌ನ ತಡೆ 5 ಓಮ್ ಒಳಗಿರಬೇಕು. ತಂಗಿಯ ಮನೆಯ ರಿಪೋರ್ಟ್‌ನಲ್ಲಿ 2.1 ಅಂತ ಇದೆ. ಅಳೆದದ್ದು ನವೆಂಬರ್‌ನಲ್ಲಿ, ನೆಲ ಇನ್ನೂ ಹಸಿ ಇರುವಾಗ. ನಮ್ಮ ಮನೆಯ ಚಿರೆಕಲ್ಲಿನ ನೆಲದಲ್ಲಿ ಮೇ ತಿಂಗಳಲ್ಲಿ ಅಳೆಸಿದಾಗ 11 ಬಂದಿತ್ತು. ಸಿಡಿಲು ಬರುವುದೂ ಅದೇ ಹೊತ್ತಿಗೆ. ಏಪ್ರಿಲ್‌ನಲ್ಲಿ ಬಂದು ಮತ್ತೊಮ್ಮೆ ಅಳೆದು ಬರೆದುಕೊಡುತ್ತೇವೆ ಅಂದಿದ್ದಾರೆ. ಆ ಹತ್ತು ಪರ್ಸೆಂಟ್‌ನಲ್ಲಿ ಕೊನೆಯ ಐದು ಸಾವಿರ ಅಲ್ಲಿವರೆಗೆ ಭಾವನ ಹತ್ತಿರವೇ ಇರುತ್ತದೆ.