ದಿನಬಳಕೆಯ ಐದು ವಸ್ತುಗಳು: ಆರಿಸುವ, ಪಳಗಿಸುವ, ಹಂಚಿಕೊಳ್ಳುವ ಬಗೆ

ಹೊಸದಾಗಿ ಸಂಸಾರ ಹೂಡಿದವರು, ಓದಿಗೋ ಕೆಲಸಕ್ಕೋ ಊರು ಬಿಟ್ಟು ಹೊರಟ ಮಕ್ಕಳು, ಮನೆಗೆ ಏನೇನು ಬೇಕಾದೀತು ಎಂದು ಕೇಳಿದಾಗಲೆಲ್ಲ ನಾನು ಹೇಳುವುದು ಹೆಚ್ಚುಕಡಿಮೆ ಅವೇ ಐದು ಹೆಸರುಗಳನ್ನು: ಕಾಫಿ ಫಿಲ್ಟರ್, ಬೀಡಿನ ಕಾವಲಿ, ಗಂಧದ ಸೋಪು, ತೆಳುವಾದ ಹತ್ತಿಯ ಟವೆಲು ಮತ್ತು ಶಾಯಿ ಪೆನ್ನು. ಇವುಗಳಲ್ಲಿ ಯಾವುದೂ ಅಪರೂಪದ್ದಲ್ಲ, ಹುಡುಕಿಕೊಂಡು ಹೋಗಬೇಕಾದಂಥದ್ದೂ ಅಲ್ಲ. ಇವನ್ನೇ ಹೇಳುವುದಕ್ಕೆ ಕಾರಣವೆಂದರೆ, ಅಂಗಡಿಯಿಂದ ತಂದ ದಿನ ಹೇಗಿದ್ದವೋ ಅದಕ್ಕಿಂತ ಬಳಸಿದ ಮೇಲೆ ಚೆನ್ನಾಗುವ ಗುಣ ಈ ಐದಕ್ಕೂ ಇದೆ. ಆದರೆ ಅದು ತಾನಾಗಿ ಆಗುವಂಥದ್ದಲ್ಲ. ಮೊದಲ ಕೆಲವು ವಾರ ಅವನ್ನು ಹೇಗೆ ನೋಡಿಕೊಂಡೆವು ಎಂಬುದರ ಮೇಲೆ ಮುಂದಿನ ಎಷ್ಟೋ ವರ್ಷಗಳ ಸುಖ ನಿಂತಿರುತ್ತದೆ. ಆ ಆರೈಕೆಯ ಕ್ರಮವನ್ನು, ನಾನು ಪಾಲಿಸಿಕೊಂಡು ಬಂದಂತೆ, ಇಲ್ಲಿ ವಿವರಿಸಿದ್ದೇನೆ.

ಕಾಫಿ ಫಿಲ್ಟರಿನಿಂದಲೇ ಆರಂಭಿಸೋಣ, ಏಕೆಂದರೆ ದಿನವೂ ಅದರಿಂದಲೇ ಆರಂಭವಾಗುವುದು. ಬಾಬಾ ಬುಡನ್ ಅವರು ಯೆಮನ್ನಿನ ಮೋಕಾದಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯ ನಮ್ಮಲ್ಲಿ ಬಹುತೇಕ ಎಲ್ಲರಿಗೂ ಗೊತ್ತಿದೆ. ಇಂದಿಗೂ ದೇಶದಲ್ಲಿ ಬೆಳೆಯುವ ಕಾಫಿಯಲ್ಲಿ ಶೇ. 70ರ ಆಸುಪಾಸು ಕೊಡಗು, ಚಿಕ್ಕಮಗಳೂರು, ಹಾಸನಗಳ ತೋಟಗಳಿಂದಲೇ ಬರುತ್ತದೆ. ಇಷ್ಟು ಹತ್ತಿರದಲ್ಲಿ ಇಷ್ಟು ಒಳ್ಳೆಯ ಬೀಜ ಸಿಗುವಾಗ, ಬಿಸಿನೀರಿನಲ್ಲಿ ಕರಗುವ ಪುಡಿಯಿಂದ ತೃಪ್ತರಾಗಬೇಕಾದ ಅಗತ್ಯವಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಫಿಲ್ಟರ್ ಕೊಳ್ಳುವಾಗ ಮೂರು ಸಂಗತಿಗಳನ್ನು ನೋಡಬೇಕು. ಮೇಲಿನ ಪಾತ್ರೆಯ ತಳದ ತೂತುಗಳು ಸಣ್ಣಗೆ, ಒಂದೇ ಅಳತೆಯಲ್ಲಿರಬೇಕು. ಬೆಳಕಿಗೆ ಹಿಡಿದು ನೋಡಿದರೆ ಮುಚ್ಚಿಹೋದ ತೂತುಗಳು ತಕ್ಷಣ ಕಾಣುತ್ತವೆ. ಮೇಲಿನದು ಕೆಳಗಿನದರ ಮೇಲೆ ಅಲುಗಾಡದೆ ಕೂರಬೇಕು. ಮನೆಯಲ್ಲಿ ಇಬ್ಬರೇ ಇರುವುದಾದರೆ ಚಿಕ್ಕ ಫಿಲ್ಟರನ್ನೇ ಆರಿಸಬೇಕು, ಏಕೆಂದರೆ ದೊಡ್ಡದರಲ್ಲಿ ಸ್ವಲ್ಪ ಪುಡಿ ಹಾಕಿದರೆ ಪದರ ತೆಳುವಾಗಿ, ನೀರು ಸರ್ರನೆ ಇಳಿದುಹೋಗಿ, ಡಿಕಾಕ್ಷನ್ ನೀರುನೀರಾಗುತ್ತದೆ. ಸ್ಟೀಲಿನದು ಸಾಕು, ಹಿತ್ತಾಳೆಯದು ನೋಡಲು ಅಂದ, ಆದರೆ ಅದನ್ನು ಬೆಳಗುವ ತಾಳ್ಮೆ ಇರುವವರು ಮಾತ್ರ ಕೊಳ್ಳಲಿ.

ಪುಡಿಯ ವಿಷಯಕ್ಕೆ ಬಂದರೆ, ಕಣ್ಣೆದುರೇ ಹುರಿದು ಬೀಸಿ ಕೊಡುವ ಅಂಗಡಿ ಹತ್ತಿರದಲ್ಲಿದ್ದರೆ ಅಲ್ಲಿಂದಲೇ, ಒಂದು ಸಲಕ್ಕೆ 250 ಗ್ರಾಂ ಮೀರದಂತೆ ತರಬೇಕು. ಅರೇಬಿಕಾ ಸುವಾಸನೆಗೆ, ರೊಬಸ್ಟಾ ಕಡುಪಿಗೆ. ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡರಷ್ಟಿರುತ್ತದೆ. ಹಣ್ಣಿನೊಳಗೆ ಎರಡರ ಬದಲು ಒಂದೇ ಬೀಜ ದುಂಡಗೆ ಬೆಳೆದರೆ ಅದು ಪೀಬೆರಿ. ಚಿಕೋರಿ ಎಂಬುದು ಕಾಫಿಯ ಜಾತಿಯೇ ಅಲ್ಲ, ಒಂದು ಗಿಡದ ಬೇರನ್ನು ಹುರಿದು ಮಾಡಿದ ಪುಡಿ. ಅದರಲ್ಲಿ ಕೆಫೀನ್ ಇಲ್ಲ, ಆದರೆ ಡಿಕಾಕ್ಷನ್ನಿಗೆ ಬಣ್ಣ ಮತ್ತು ಮಂದತೆ ಕೊಡುತ್ತದೆ, ಇಳಿಯುವ ವೇಗವನ್ನೂ ತಗ್ಗಿಸುತ್ತದೆ. ಪೊಟ್ಟಣದಲ್ಲಿ ಮಾರುವ ಮಿಶ್ರಣದ ಮೇಲೆ ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ಶೇಕಡಾವಾರು ಮುದ್ರಿಸಿರುತ್ತಾರೆ. ಅದನ್ನು ಓದಿಯೇ ಕೊಳ್ಳಬೇಕು. ಹೊಸಬರಿಗೆ ನಾನು 80ಕ್ಕೆ 20ರ ಮಿಶ್ರಣವನ್ನು ಸೂಚಿಸುತ್ತೇನೆ, ಆಮೇಲೆ ನಾಲಿಗೆ ಒಪ್ಪಿದಂತೆ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು.

ಇಬ್ಬರಿಗೆ ಮೂರು ದೊಡ್ಡ ಚಮಚ ಪುಡಿ ಸಾಕು. ಫಿಲ್ಟರ್ ಒಳಗೆ ಒಂದು ಹನಿ ನೀರೂ ಇರಬಾರದು, ಇದ್ದರೆ ತಳದ ಪುಡಿ ಹಿಟ್ಟಿನಂತೆ ಅಂಟಿಕೊಂಡು ತೂತುಗಳನ್ನು ಮುಚ್ಚುತ್ತದೆ. ಪುಡಿ ಹಾಕಿ, ಪಾತ್ರೆಯನ್ನು ಎರಡು ಸಲ ಮೆಲ್ಲಗೆ ಕುಟ್ಟಿ ಮಟ್ಟ ಮಾಡಿ, ಒಳಗಿನ ಬಿಲ್ಲೆಯನ್ನು ಅದರ ಮೇಲೆ ಹಗುರವಾಗಿ ಕೂರಿಸಬೇಕು; ಬಲವಾಗಿ ಒತ್ತಿದರೆ ಡಿಕಾಕ್ಷನ್ ಇಳಿಯುವುದೇ ಇಲ್ಲ. ನೀರು ಮರಳಿದ ಮೇಲೆ ಒಲೆ ಆರಿಸಿ, ಅರ್ಧ ನಿಮಿಷ ಬಿಟ್ಟು, ಮೊದಲು ಪುಡಿ ನೆನೆಯುವಷ್ಟು ಮಾತ್ರ ಸುತ್ತಲೂ ಹುಯ್ಯಬೇಕು. ಪುಡಿ ಹೊಸದಾಗಿದ್ದರೆ ಈಗ ಬಿಲ್ಲೆಯ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಏಳುತ್ತವೆ: ಹುರಿದಾಗ ಬೀಜದೊಳಗೆ ಉಳಿದಿದ್ದ ಇಂಗಾಲದ ಡೈಆಕ್ಸೈಡ್ ಹೊರಬರುವ ಗುರುತು ಅದು. ಗುಳ್ಳೆಯೇ ಏಳದಿದ್ದರೆ ಪುಡಿ ಹಳೆಯದಾಗಿದೆ ಎಂದು ತಿಳಿಯಬಹುದು. ಅರ್ಧ ನಿಮಿಷದ ನಂತರ ಉಳಿದ ನೀರು ಹುಯ್ದು ಮುಚ್ಚಿಟ್ಟರೆ, ಸುಮಾರು ಇಪ್ಪತ್ತು ನಿಮಿಷದಲ್ಲಿ ಗಟ್ಟಿ ಡಿಕಾಕ್ಷನ್ ಸಿದ್ಧವಾಗುತ್ತದೆ. ಇಳಿಯುವುದು ನಡುವೆ ನಿಂತರೆ ಮೇಲಿನ ಪಾತ್ರೆಯನ್ನು ಒಮ್ಮೆ ಸ್ವಲ್ಪ ಎತ್ತಿ ಇಡಬೇಕು. ಕೆಳಗೆ ಸಿಕ್ಕಿಕೊಂಡ ಗಾಳಿ ಹೊರಹೋದರೆ ಹನಿ ಮತ್ತೆ ಬೀಳತೊಡಗುತ್ತದೆ.

ಡಿಕಾಕ್ಷನ್ನನ್ನು ಎಂದೂ ಕುದಿಸಬಾರದು, ಕುದಿಸಿದರೆ ಸುವಾಸನೆ ಹಾರಿ ಕಹಿ ಮಾತ್ರ ಉಳಿಯುತ್ತದೆ. ಆಗತಾನೇ ಕಾದ ಹಾಲನ್ನು ಲೋಟಕ್ಕೆ ಹುಯ್ದು, ಒಂದು ಪಾಲು ಡಿಕಾಕ್ಷನ್ನಿಗೆ ಮೂರು ಪಾಲು ಹಾಲಿನ ಲೆಕ್ಕದಲ್ಲಿ ಬೆರೆಸಿ, ಒಂದೆರಡು ಸಲ ಎತ್ತಿ ಹುಯ್ದರೆ ನೊರೆ ತಾನೇ ಬರುತ್ತದೆ. ಚರಟವನ್ನು ಗಿಡದ ಬುಡಕ್ಕೆ ಹಾಕಿ, ಫಿಲ್ಟರನ್ನು ಬರಿಯ ಬಿಸಿನೀರಿನಲ್ಲಿ ತೊಳೆದು ಬೋರಲು ಹಾಕಬೇಕು. ತಿಂಗಳಿಗೊಮ್ಮೆ ಸ್ಟೀಲಿನ ಮೇಲಿನ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಒಲೆಯ ಉರಿಗೆ ತೋರಿಸಿದರೆ ತೂತಿನಲ್ಲಿ ಸಿಕ್ಕಿಕೊಂಡ ಪುಡಿ ಸುಟ್ಟು ಉದುರುತ್ತದೆ. ಆರಿದ ಮೇಲೆ ಉಜ್ಜಿ ತೊಳೆದರಾಯಿತು.

ಎರಡನೆಯದು ಬೀಡಿನ ಕಾವಲಿ. ಬೀಡು ಎರಕದ ಕಬ್ಬಿಣ. ಅದರಲ್ಲಿ ಇಂಗಾಲದ ಅಂಶ ಶೇ. 2ಕ್ಕಿಂತ ಹೆಚ್ಚಿರುವುದರಿಂದ ಗಡಸಾಗಿದ್ದರೂ ಪೆಡಸು, ಕೈತಪ್ಪಿ ಬಿದ್ದರೆ ಬಿರುಕು ಬಿಡುತ್ತದೆ. ಕಾಯುವುದು ನಿಧಾನ, ಆದರೆ ಕಾದ ಮೇಲೆ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ. ತಣ್ಣಗಿನ ಹಿಟ್ಟು ಬಿದ್ದರೂ ಬಿಸಿ ತಟಕ್ಕನೆ ಇಳಿಯದಿರುವುದರಿಂದಲೇ ದೋಸೆಗೆ ಆ ಹೊಂಬಣ್ಣ ಬರುವುದು. ಮನೆಯ ಒಲೆಗೆ ಹತ್ತು ಹನ್ನೊಂದು ಅಂಗುಲದ ಕಾವಲಿ ಸರಿ. ಅದಕ್ಕಿಂತ ದೊಡ್ಡದಾದರೆ ನಡುವೆ ಸೀದು ಅಂಚಿನಲ್ಲಿ ಹಸಿಯಾಗಿ ಉಳಿಯುತ್ತದೆ.

ಹೊಸ ಕಾವಲಿಯನ್ನು ಪಳಗಿಸುವ ಕೆಲಸಕ್ಕೆ ಒಂದು ವಾರ ಮೀಸಲಿಡಬೇಕು. ಮೊದಲ ದಿನ ಮಾತ್ರ ಸೋಪು ಹಾಕಿ ಬಿಸಿನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆಯಬೇಕು. ಅಕ್ಕಿ ತೊಳೆದ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕುವುದು ಹಲವು ಮನೆಗಳ ರೂಢಿ. ಹಾಗೆ ಮಾಡುವುದಾದರೆ ಬೆಳಿಗ್ಗೆ ಮತ್ತೊಮ್ಮೆ ತೊಳೆಯಲೇಬೇಕು. ಆಮೇಲೆ ಸಣ್ಣ ಉರಿಯ ಮೇಲಿಟ್ಟು ಪೂರ್ತಿ ಒಣಗಿಸಿ, ಬೆಚ್ಚಗಿರುವಾಗಲೇ ಕಡಲೆಕಾಯಿ ಎಣ್ಣೆಯನ್ನೋ ಎಳ್ಳೆಣ್ಣೆಯನ್ನೋ ಎರಡೂ ಬದಿಗೆ ಸವರಿ, ಒಣ ಬಟ್ಟೆಯಿಂದ ಒರೆಸಿಬಿಡಬೇಕು. ಒರೆಸಿದ ಮೇಲೂ ಉಳಿಯುವ ಆ ಪಸೆಯೇ ನಮಗೆ ಬೇಕಾದದ್ದು. ದಪ್ಪಗೆ ಹಚ್ಚಿದ ಎಣ್ಣೆ ಜಿಗುಟಾಗುತ್ತದೆ. ಈಗ ಹೊಗೆ ಕಾಣುವವರೆಗೆ ಕಾಯಿಸಿ, ಒಲೆ ಆರಿಸಿ, ತಾನಾಗಿ ಆರಲು ಬಿಡಬೇಕು. ಕಾದ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ, ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು, ಲೋಹದ ಮೇಲೆ ಗಟ್ಟಿಯಾದ ಪೊರೆಯಾಗಿ ನಿಲ್ಲುತ್ತದೆ. ನಾಲ್ಕೈದು ದಿನ ಇದೇ ರೀತಿ ಮಾಡಿದರೆ ಬೂದು ಬಣ್ಣ ಹೋಗಿ ಕಪ್ಪು ಹೊಳಪು ಬರುತ್ತದೆ. ಅಷ್ಟರಲ್ಲಿ ಎರಡು ದಿನ ಅದರ ಮೇಲೆಯೇ ಧಾರಾಳ ಎಣ್ಣೆ ಹಾಕಿ ಈರುಳ್ಳಿ ಹುರಿದುಕೊಂಡರೆ ಪೊರೆ ಇನ್ನೂ ಬಲಿಯುತ್ತದೆ.

ದೋಸೆ ಹುಯ್ಯುವಾಗ ಉರಿಯ ಹದವೇ ಮುಖ್ಯ. ನೀರು ಚಿಮುಕಿಸಿದಾಗ ಸುಮ್ಮನೆ ಹರಡಿ ಆವಿಯಾದರೆ ಇನ್ನೂ ಕಾದಿಲ್ಲ. ಹನಿ ಮುತ್ತಿನಂತೆ ದುಂಡಗಾಗಿ ಓಡಾಡಿದರೆ ಅಗತ್ಯಕ್ಕಿಂತ ಹೆಚ್ಚು ಕಾದಿದೆ. ಅಂಥ ಕಾವಲಿಯ ಮೇಲೆ ಹಿಟ್ಟು ಹುಯ್ದರೆ ಅದು ಬಿದ್ದಲ್ಲೇ ಬೆಂದು ಸೌಟಿನ ಜೊತೆಗೆ ಎದ್ದು ಬರುತ್ತದೆ. ಆಗ ಉರಿ ತಗ್ಗಿಸಿ, ಸ್ವಲ್ಪ ನೀರು ಚಿಮುಕಿಸಿ, ಒರೆಸಿ, ಅರ್ಧ ಕತ್ತರಿಸಿದ ಈರುಳ್ಳಿಯನ್ನೋ ಬದನೆಕಾಯಿಯ ತೊಟ್ಟನ್ನೋ ಎಣ್ಣೆಯಲ್ಲಿ ಅದ್ದಿ ಸವರಿ, ಒಂದು ಸೌಟು ಹಿಟ್ಟನ್ನು ನಡುವೆ ಹುಯ್ದು ಸುತ್ತುತ್ತಾ ಹರಡಿ, ಮತ್ತೆ ಉರಿ ಏರಿಸಬೇಕು. ಅಂಚು ತಾನಾಗಿ ಕಾವಲಿ ಬಿಟ್ಟು ಮೇಲೇಳುವವರೆಗೆ ಮಗುಚುವ ಕೈಯನ್ನು ಮುಟ್ಟಬಾರದು. ಚೆನ್ನಾಗಿ ಪಳಗಿದ ಕಾವಲಿಯಿಂದ ದೋಸೆ ಹೀಗೆ ಕೆರೆಸಿಕೊಳ್ಳದೆ, ಹರಿಯದೆ, ಇಡಿಯಾಗಿ ಎದ್ದು ಬರುವುದನ್ನು ನೋಡುವ ಸಂತೋಷ ನನಗೆ ಇಂದಿಗೂ ಹಳತಾಗಿಲ್ಲ.

ಚಪಾತಿಗೆ ಬೇರೆ ಕಾವಲಿಯನ್ನೇ ಇಟ್ಟುಕೊಳ್ಳಿ, ಒಣಹಿಟ್ಟು ಸೀದು ಪೊರೆಯನ್ನು ಕೆಡಿಸುತ್ತದೆ. ಹುಣಸೆಹಣ್ಣು, ಟೊಮೇಟೊ, ನಿಂಬೆಯ ಅಡುಗೆ ಇದರಲ್ಲಿ ಬೇಡ. ಕಾದ ಕಾವಲಿಯನ್ನು ನಲ್ಲಿಯ ಕೆಳಗೆ ಹಿಡಿಯಬಾರದು, ಅದು ಸೀಳಿಹೋಗಬಹುದು. ತೊಳೆದ ಕೂಡಲೇ ಒಲೆಯ ಮೇಲೆ ಒಣಗಿಸಿ ಒಂದು ಹನಿ ಎಣ್ಣೆ ಸವರಿ ಇಡಬೇಕು. ಮಳೆಗಾಲದಲ್ಲಿ ತುಕ್ಕು ಹಿಡಿದರೆ ಗಾಬರಿಯಾಗಬೇಕಿಲ್ಲ: ಸ್ಟೀಲಿನ ನಾರಿನಿಂದ ಉಜ್ಜಿ, ಮೇಲಿನ ಕ್ರಮವನ್ನೇ ಮತ್ತೆ ಮಾಡಿದರೆ ಮೊದಲಿನಂತಾಗುತ್ತದೆ.

ಗಂಧದ ಸೋಪು ಎಂದರೆ ನಾನು ಹೇಳುತ್ತಿರುವುದು ಮೈಸೂರ್ ಸ್ಯಾಂಡಲ್ ಸೋಪನ್ನು. ಮೊದಲನೆಯ ಮಹಾಯುದ್ಧದಿಂದಾಗಿ ಮೈಸೂರಿನ ಶ್ರೀಗಂಧ ಯೂರೋಪಿಗೆ ಹೋಗುವುದು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಇಲ್ಲಿಯೇ ಗಂಧದೆಣ್ಣೆ ತೆಗೆಯುವ ಕಾರ್ಖಾನೆ 1916ರಲ್ಲಿ ಆರಂಭವಾಯಿತು. ರಸಾಯನಶಾಸ್ತ್ರ ಬಲ್ಲ ಎಸ್. ಜಿ. ಶಾಸ್ತ್ರಿಯವರು ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದು, 1918ರಲ್ಲಿ ಸೋಪು ತಯಾರಾಯಿತು. ಭೌಗೋಳಿಕ ಸೂಚಕದ ಮಾನ್ಯತೆಯೂ ಅದಕ್ಕಿದೆ. ಇದನ್ನು ಬಳಸುವುದರಲ್ಲಿ ಕಲಿಯುವುದೇನಿದೆ ಎನ್ನಬಹುದು, ಆದರೆ ಇದೆ. ತಂದ ಸೋಪನ್ನು ಅಂದೇ ನೀರಿಗೆ ಹಾಕದೆ, ಡಬ್ಬದಿಂದ ತೆಗೆದು ಬಟ್ಟೆಯ ಬೀರುವಿನಲ್ಲಿ ಒಂದೆರಡು ತಿಂಗಳು ಇಟ್ಟರೆ, ಒಳಗಿನ ತೇವ ಆರಿ ಸೋಪು ಗಟ್ಟಿಯಾಗುತ್ತದೆ, ಹೆಚ್ಚು ದಿನ ಬಾಳುತ್ತದೆ, ಅಷ್ಟೂ ದಿನ ಸೀರೆ ಪಂಚೆಗಳಿಗೆ ಪರಿಮಳವೂ ಹತ್ತುತ್ತದೆ. ಸ್ನಾನದ ಮನೆಯಲ್ಲಿ ನೀರು ಬಸಿಯುವ, ತೂತುಗಳಿರುವ ಪೆಟ್ಟಿಗೆಯಲ್ಲೇ ಇಡಬೇಕು. ಕೊನೆಗೆ ಉಳಿಯುವ ತೆಳು ಚೂರನ್ನು ಎಸೆಯದೆ, ಹೊಸ ಸೋಪನ್ನು ನೆನೆಸಿ ಅದರ ಬೆನ್ನಿಗೆ ಒತ್ತಿ ಒಂದು ರಾತ್ರಿ ಬಿಟ್ಟರೆ ಎರಡೂ ಕೂಡಿಕೊಳ್ಳುತ್ತವೆ.

ಟವೆಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕರಾವಳಿಯಲ್ಲಿ ಬೈರಾಸು ಎನ್ನುವ ತೆಳುವಾದ ಹತ್ತಿ ವಸ್ತ್ರವನ್ನು, ಸಾಧ್ಯವಾದರೆ ಕೈಮಗ್ಗದ್ದನ್ನು, ಕೊಳ್ಳಿ. ಹೊಸದರಲ್ಲಿ ಗಂಜಿ ಇರುವುದರಿಂದ ಅದು ನೀರು ಹೀರುವುದಿಲ್ಲ. ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಒಗೆದು, ಬಿಸಿಲಿಗೆ ಹಾಕಿ, ಹೀಗೆ ಮೂರು ನಾಲ್ಕು ಸಲ ಆದ ಮೇಲೆ ನೂಲು ಬಿಡಿಸಿಕೊಂಡು ಮೆತ್ತಗಾಗುತ್ತದೆ. ಬಟ್ಟೆ ಮೃದುವಾಗಿಸುವ ದ್ರವಗಳನ್ನು ಹಾಕಬಾರದು, ಅವು ನೂಲಿನ ಮೇಲೆ ಜಿಡ್ಡಿನ ಪದರ ಬಿಟ್ಟು ಹೀರುವ ಗುಣವನ್ನು ಕಡಿಮೆ ಮಾಡುತ್ತವೆ.

ಕೊನೆಯದು ಶಾಯಿ ಪೆನ್ನು. ಒತ್ತದೆಯೇ ಬರೆಯುವುದು ಇದರ ಗುಣ. ನಮ್ಮ ದುಂಡು ಅಕ್ಷರಗಳ ಕೊಂಬು, ಸುಳಿ, ಒತ್ತಕ್ಷರಗಳನ್ನೆಲ್ಲ ಕೈ ನೋಯದೆ ಬರೆಯಲು ಇದಕ್ಕಿಂತ ಹಿತವಾದ ಸಾಧನವನ್ನು ನಾನು ಕಂಡಿಲ್ಲ. ಮೊದಲ ಸಲ ಶಾಯಿ ತುಂಬುವ ಮುನ್ನ ನಿಬ್ಬನ್ನು ತಣ್ಣೀರಿನಲ್ಲಿ ತೊಳೆದು ಒಣಗಿಸಿ, ತಯಾರಿಕೆಯ ಎಣ್ಣೆಯ ಅಂಶ ಹೋಗುತ್ತದೆ. ಶಾಯಿ ಪೆನ್ನಿಗೆಂದೇ ಮಾಡಿದ್ದಾಗಿರಬೇಕು. ಚಿತ್ರ ಬಿಡಿಸುವ ಕಪ್ಪು ಮಸಿ ಒಳಗೇ ಗಟ್ಟಿಯಾಗಿ ಪೆನ್ನನ್ನು ಹಾಳುಮಾಡುತ್ತದೆ. ಡ್ರಾಪರಿನಿಂದ ನೇರವಾಗಿ ಒಡಲಿಗೆ ತುಂಬುವ ಪೆನ್ನಾದರೆ, ಶಾಯಿ ಕಾಲುಭಾಗಕ್ಕೆ ಇಳಿಯುವ ಮೊದಲೇ ಮತ್ತೆ ತುಂಬಬೇಕು. ಅಂಗೈಯ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಶಾಯಿಯನ್ನು ಹೊರದೂಡುವುದರಿಂದಲೇ ಬರೆಯುತ್ತಿದ್ದಂತೆ ಹಾಳೆಯ ಮೇಲೆ ದೊಡ್ಡ ಹನಿ ಬೀಳುವುದು. ಎರಡು ತಿಂಗಳಿಗೊಮ್ಮೆ, ಶಾಯಿಯ ಬಣ್ಣ ಬದಲಿಸುವಾಗಲಂತೂ ತಪ್ಪದೆ, ನೀರು ತಿಳಿಯಾಗುವವರೆಗೆ ತೊಳೆಯಿರಿ. ಕೆಲವು ದಿನ ಬರೆಯುವುದಿಲ್ಲವೆಂದು ಗೊತ್ತಿದ್ದರೆ ಖಾಲಿ ಮಾಡಿ ತೊಳೆದಿಡುವುದು ಮೇಲು.

ಇವನ್ನು ಪ್ರೀತಿಪಾತ್ರರಿಗೆ ಕೊಡುವುದಾದರೆ ಪೆಟ್ಟಿಗೆ ಸಮೇತ ಹಾಗೆಯೇ ಕೊಡುವುದಕ್ಕಿಂತ, ನಾವೇ ಅರ್ಧ ಕೆಲಸ ಮಾಡಿ ಕೊಡುವುದು ಒಳ್ಳೆಯದು. ಕಾವಲಿಯನ್ನು ನಮ್ಮ ಮನೆಯಲ್ಲೇ ಪಳಗಿಸಿ, ನಾಲ್ಕು ದೋಸೆ ಹುಯ್ದು ನೋಡಿ ಕೊಡಬೇಕು. ಹೊಸ ಕಾವಲಿಯ ಮೊದಲ ವಾರದ ಬೇಸರದಲ್ಲಿ ಅದನ್ನು ಅಟ್ಟಕ್ಕೆ ಹಾಕಿ ನಾನ್‌ಸ್ಟಿಕ್ ಕೊಂಡವರು ನನಗೆ ಗೊತ್ತಿದ್ದಾರೆ. ಫಿಲ್ಟರಿನ ಜೊತೆ 100 ಗ್ರಾಂ ಪುಡಿ ಮತ್ತು ಅಳತೆಯನ್ನು ಕೈಯಲ್ಲೇ ಬರೆದ ಒಂದು ಚೀಟಿ ಇರಲಿ. ಟವೆಲನ್ನು ಒಗೆದು ಮೆತ್ತಗೆ ಮಾಡಿ ಕೊಟ್ಟರೆ ಯಾರೂ ಹಳೆಯದೆಂದು ತಿಳಿಯುವುದಿಲ್ಲ, ಮುಟ್ಟಿದರೆ ಕಾರಣ ಅರ್ಥವಾಗುತ್ತದೆ. ವಿದೇಶಕ್ಕೆ ಹೋಗುವವರಿಗಾದರೆ ತಳ ಮಟ್ಟಸವಾಗಿರುವ ಕಾವಲಿಯನ್ನೇ ಆರಿಸಿ, ಅಲ್ಲಿನ ಸುರುಳಿ ಒಲೆಗೂ ಇಂಡಕ್ಷನ್ ಒಲೆಗೂ ಅದು ಹೊಂದುತ್ತದೆ. ಅದನ್ನು ಕಾಗದದಲ್ಲಿ ಸುತ್ತಿ, ಆ ಟವೆಲಿನಲ್ಲಿಯೇ ಮಡಚಿ, ದೊಡ್ಡ ಪೆಟ್ಟಿಗೆಯ ನಡುವೆ ಬಟ್ಟೆಗಳ ಮಧ್ಯೆ ಇಡಿ. ಪೆನ್ನು ಮಾತ್ರ ಕೈಚೀಲದಲ್ಲಿರಲಿ, ಪೂರ್ತಿ ತುಂಬಿ ಅಥವಾ ಪೂರ್ತಿ ಖಾಲಿಯಾಗಿ, ನಿಬ್ಬು ಮೇಲ್ಮುಖವಾಗಿ. ಅರ್ಧ ತುಂಬಿದ ಪೆನ್ನು ವಿಮಾನ ಏರುವಾಗಿನ ಒತ್ತಡದ ವ್ಯತ್ಯಾಸಕ್ಕೆ ಸೋರುತ್ತದೆ.